ಹಳೆಯ ಕಾಂಪೌಂಡ್ ಬಿಲ್ಲಿನಲ್ಲಿ ಬಾಣದ ವೇಗ ಕುಸಿದರೆ: ಎಲ್ಲಿ ಸೋರಿತು ಎಂದು ಹುಡುಕುವ ಬಗೆ

ಬಿಲ್ಲಿನ ಸೈಟಿನ (ಗುರಿ ನೋಡುವ ಸಾಧನದ) 50 ಮೀಟರ್ ಗುರುತು ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿದೆ. ಬಾಣಗಳ ಗುಂಪು ಬಿಗಿಯಾಗಿಯೇ ಇದೆ, ಆದರೆ ಗುರಿಹಾಳೆಯ ನಡುವಿನ ಹಳದಿಯ ಕೆಳಗೆ ಕೂರುತ್ತಿದೆ. ಪೀಪ್ (ಹೆದೆಯಲ್ಲಿ ಕೂರಿಸಿದ ನೋಟದ ಕಿಂಡಿ) ಕಣ್ಣಿಗೆ ನೇರ ಬರದೆ ಸೊಟ್ಟ ತಿರುಗಿ ನಿಲ್ಲುತ್ತಿದೆ. ಏಳೆಂಟು ವರ್ಷ ದಾಟಿದ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ, ಹೆದೆಯ ಜೊತೆ ಕೇಬಲ್ ಇರುವ ಬಿಲ್ಲು) ಇಟ್ಟುಕೊಂಡವರ ದೂರು ಹೆಚ್ಚುಕಡಿಮೆ ಇದೇ. ಅದಕ್ಕೆ ಮೈದಾನದಲ್ಲಿ ಸಿಗುವ ತೀರ್ಪೂ ಒಂದೇ: ಲಿಂಬ್ (ಬಿಲ್ಲಿನ ಬಾಗುವ ತೋಳು) ಸತ್ತಿದೆ, ಬಿಲ್ಲು ಬದಲಾಯಿಸು.

2023ರ ಬರ್ಲಿನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದಿತಿ ಸ್ವಾಮಿ, ಓಜಸ್ ದೇವತಳೆ ಕಾಂಪೌಂಡ್‌ನಲ್ಲಿ ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಸೇರಿದೆ. ನಮ್ಮ ಚಿಕ್ಕಬಳ್ಳಾಪುರದ ಕಡೆಯ ಹುಡುಗ ಹುಡುಗಿಯರಿಗೂ ಈ ಬಿಲ್ಲಿನ ಆಸೆ ಹತ್ತಿದೆ. ಹೊಸದರ ಬೆಲೆ ಕೇಳಿದರೆ ಮನೆಯವರಿಗೆ ಎದೆ ಝಲ್ಲೆನ್ನುತ್ತದೆ, ಹಾಗಾಗಿ ಕೈಗೆ ಬರುವುದು ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ಬಿಲ್ಲು. ಅಂಥ ಬಿಲ್ಲಿನ ಲಿಂಬ್ ಮೇಲೆ ಕೈ ಹಾಕುವ ಮೊದಲು ನೋಡಬೇಕಾದ ಜಾಗಗಳು ಬಹಳ ಇವೆ. ಲಿಂಬ್ ಬರುವುದು ಪಟ್ಟಿಯ ಕಟ್ಟಕಡೆಗೆ.

ನಾನು ಅನುಸರಿಸುವ ಕ್ರಮ ಲೆಕ್ಕದ ಪುಸ್ತಕದ್ದು. ಸೆಕೆಂಡಿಗೆ ಇಷ್ಟು ಅಡಿ ಹೋಗಿದೆ ಎಂದರೆ ಆ ಅಷ್ಟೂ ಅಡಿಗೆ ಬಾಬತ್ತು ಸಿಗಬೇಕು. ಬಾಣದ ತೂಕಕ್ಕೆ ಇಷ್ಟು, ಎಳೆತದ ಭಾರಕ್ಕೆ ಇಷ್ಟು, ಹೆದೆಯ ಮೇಲಿನ ಸಾಮಾನಿಗೆ ಇಷ್ಟು. ಕೂಡಿಸಿದಾಗ ಹೋದದ್ದಕ್ಕೆ ಹೊಂದಿದರೆ ಹುಡುಕಾಟ ಮುಗಿಯಿತು. ಹೊಂದದಿದ್ದರೆ ಇನ್ನೂ ಒಂದು ಕಾರಣ ಅಡಗಿ ಕೂತಿದೆ.

ಹೋಗಿದೆ ಎನ್ನುವ ವೇಗ ಎಂದಾದರೂ ಇತ್ತೇ?

ಅರ್ಧದಷ್ಟು ದೂರುಗಳು ಇಲ್ಲೇ ಬಗೆಹರಿಯುತ್ತವೆ. ಬಿಲ್ಲಿನ ಜಾಹೀರಾತಿನಲ್ಲಿ 320 ಎಫ್‌ಪಿಎಸ್ ಎಂದಿರುತ್ತದೆ, ಅಂದರೆ ಸೆಕೆಂಡಿಗೆ 320 ಅಡಿ. ನಿಮ್ಮದು 259 ತೋರಿಸಿದರೆ 61 ಅಡಿ ಕಳೆದುಹೋಯಿತು ಎಂದು ಗಾಬರಿಯಾಗಬೇಡಿ. ಜಾಹೀರಾತಿನ ಅಂಕಿ ಸಾಮಾನ್ಯವಾಗಿ ಐಬಿಒ ಎಂಬ ಬಿಲ್ಲುಗಾರರ ಸಂಸ್ಥೆಯ ಪದ್ಧತಿಯದು: 70 ಪೌಂಡ್ ಎಳೆತ, 30 ಇಂಚು ಡ್ರಾ ಲೆಂಗ್ತ್ (ಹೆದೆ ಎಳೆಯುವ ಉದ್ದ), 350 ಗ್ರೇನ್ ತೂಕದ ಬಾಣ. ವರ್ಲ್ಡ್ ಆರ್ಚರಿ ನಿಯಮದಲ್ಲಿ ಕಾಂಪೌಂಡ್ ಬಿಲ್ಲಿನ ಭಾರ 60 ಪೌಂಡ್ ಮೀರುವಂತೆಯೇ ಇಲ್ಲ. ಹಾಗಿದ್ದ ಮೇಲೆ ಗುರಿಪಟ್ಟಿಗೆ ಹೊಡೆಯುವವರಿಗೆ ಆ ಅಂಕಿ ಸಿಗುವುದಾದರೂ ಹೇಗೆ?

ಒಂದು ಉದಾಹರಣೆ ಹಿಡಿಯೋಣ. ನಿಮ್ಮ ಡ್ರಾ ಲೆಂಗ್ತ್ 28 ಇಂಚು, ಭಾರ 55 ಪೌಂಡ್, ಬಾಣ 380 ಗ್ರೇನ್. ಒಂದು ಇಂಚಿಗೆ ಸುಮಾರು 10 ಅಡಿ ಎಂದು ಹಿಡಿದರೆ ಎರಡಿಂಚಿಗೆ 20 ಹೋಯಿತು. ಒಂದು ಪೌಂಡಿಗೆ ಹತ್ತಿರ ಹತ್ತಿರ 2 ಅಡಿಯಂತೆ 15 ಪೌಂಡಿಗೆ 28ರ ಆಸುಪಾಸು. ಬಾಣದಲ್ಲಿ ಪ್ರತಿ 3 ಗ್ರೇನಿಗೆ ಒಂದು ಅಡಿಯಂತೆ 30 ಗ್ರೇನಿಗೆ 10. ಪೀಪ್, ಡಿ-ಲೂಪ್ (ಎಳೆಯಲು ಹೆದೆಗೆ ಕಟ್ಟಿದ ಕುಣಿಕೆ) ಸೇರಿ ಇನ್ನೊಂದು ಮೂರು. ಉಳಿದದ್ದು 259. ಬಿಲ್ಲು ಆರೋಗ್ಯವಾಗಿಯೇ ಇದೆ! ಇವೆಲ್ಲ ಕೈಲೆಕ್ಕದ ಅಂಕಿಗಳು, ಬಿಲ್ಲಿನಿಂದ ಬಿಲ್ಲಿಗೆ ಚೂರು ಹೆಚ್ಚುಕಡಿಮೆ ಆಗುತ್ತವೆ. ಆದರೆ ದೋಷ ಹುಡುಕುವ ಕೆಲಸಕ್ಕೆ ಧಾರಾಳ ಸಾಕು.

ಇದೇ ಬಿಲ್ಲು ಹಿಂದೆ 259 ಕೊಡುತ್ತಿದ್ದು ಈಗ 244 ಕೊಡುತ್ತಿದೆ ಎನ್ನಿ. ಆಗ ಮಾತ್ರ ದೂರು ನಿಜ. 15 ಅಡಿ ಎಂದರೆ ಕಿವಿಗೆ ಸಣ್ಣದಾಗಿ ಕೇಳಬಹುದು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, 259ರಲ್ಲಿ ಹೊರಟ ಬಾಣ 50 ಮೀಟರ್ ಮುಟ್ಟುವಷ್ಟರಲ್ಲಿ 1.97 ಮೀಟರ್ ಇಳಿದಿರುತ್ತದೆ, 244ರಲ್ಲಿ ಹೊರಟದ್ದು 2.22 ಮೀಟರ್. ವ್ಯತ್ಯಾಸ 25 ಸೆಂಟಿಮೀಟರ್. ಕಾಂಪೌಂಡಿನ 80 ಸೆಂಟಿಮೀಟರ್ ಗುರಿಹಾಳೆಯಲ್ಲಿ ಒಂದೊಂದು ವಲಯ 4 ಸೆಂಟಿಮೀಟರ್ ಅಗಲ. ಹಳೆಯ ಗುರುತಿಟ್ಟು ನಟ್ಟನಡುವೆ ಗುರಿ ಹಿಡಿದರೂ ಬಾಣ ಐದರ ವಲಯದ ಕೆಳಅಂಚನ್ನೂ ಚೂರು ದಾಟಿ ನಾಟುತ್ತದೆ.

ಅಳೆಯುವ ಯಂತ್ರವೂ ಸುಳ್ಳು ಹೇಳುತ್ತದೆ. ಬೆಳಕಿನ ಸೆನ್ಸರ್ ಇರುವ ಕ್ರೋನೋಗ್ರಾಫ್ ಟ್ಯೂಬ್‌ಲೈಟ್ ಕೆಳಗೆ, ಇಳಿಬಿಸಿಲಿನಲ್ಲಿ, ಸೊರಗಿದ ಬ್ಯಾಟರಿಯಲ್ಲಿ ಹುಚ್ಚುಚ್ಚು ಅಂಕಿ ಕೊಡುತ್ತದೆ. ಬಾಣ ಅದರ ಮೇಲೆ ಓರೆಯಾಗಿ ದಾಟಿದರೂ ಅಷ್ಟೆ. ನೆರಳಿನಲ್ಲಿಟ್ಟು, ಬಿಲ್ಲಿನಿಂದ ಒಂದೇ ದೂರದಲ್ಲಿ, ಒಂದೇ ಬಾಣವನ್ನು ನಾಲ್ಕೈದು ಸಲ ಹೊಡೆದು ನೋಡಿ. ಓದುಗಳು ಒಂದೆರಡು ಅಡಿಯೊಳಗೆ ಕೂಡಿಬಂದರೆ ನಂಬಿ. ಹತ್ತು ಅಡಿ ಹಾರಾಡುತ್ತಿದ್ದರೆ ಬಿಲ್ಲಿಗಿಂತ ಮೊದಲು ಯಂತ್ರ ಸರಿಮಾಡಿ.

ಕ್ರೋನೋಗ್ರಾಫ್ ಇಲ್ಲದವರೇ ನಮ್ಮಲ್ಲಿ ಹೆಚ್ಚು. ಅವರಿಗೆ ಒಂದು ಉಪಾಯವಿದೆ. ಶೂಟಿಂಗ್ ಗೆರೆಗೂ ಗುರಿಗೂ ನಡುವೆ, ಸರಿಯಾಗಿ 25 ಮೀಟರಿನಲ್ಲಿ, ಬಾಣದ ಹಾದಿಯಿಂದ ಸಾಕಷ್ಟು ಪಕ್ಕಕ್ಕೆ ಫೋನನ್ನು ರೆಕಾರ್ಡಿಂಗ್‌ಗೆ ಇಟ್ಟು ಬನ್ನಿ. ಫೋನ್ ಮಾತ್ರ ಅಲ್ಲಿರಬೇಕು, ಮನುಷ್ಯರೆಲ್ಲ ಗೆರೆಯ ಹಿಂದೆ. ಬಿಲ್ಲು ಬಿಟ್ಟ ಶಬ್ದವೂ ಬಾಣ ನಾಟಿದ ಶಬ್ದವೂ ಫೋನಿಗೆ ಸಮದೂರದಿಂದ ಬರುವುದರಿಂದ ಶಬ್ದದ ಪ್ರಯಾಣದ ಕಾಲ ವಜಾ ಆಗಿಹೋಗುತ್ತದೆ. ಆಡಿಯೊ ಎಡಿಟರ್ ಆ್ಯಪ್‌ನಲ್ಲಿ ಎರಡು ಮೊನಚುಗಳ ನಡುವಿನ ಅಂತರವೇ ಬಾಣದ ಹಾರಾಟದ ಕಾಲ. 259ಕ್ಕೆ ಅದು 0.63 ಸೆಕೆಂಡಿನ ಆಸುಪಾಸು, 244ಕ್ಕೆ 0.67. ಗಾಳಿಯ ತಡೆಯಿಂದ ನಿಜವಾದ ಓದು ಇದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಬಿಲ್ಲು ಸರಿಯಿದ್ದಾಗಲೇ ಒಮ್ಮೆ ಹೀಗೆ ಅಳೆದು ಬರೆದಿಟ್ಟರೆ ಮುಂದೆ ಹೋಲಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ನಂದಿ ಬೆಟ್ಟದ ಗಾಳಿ ತೆಳು, ಬಾಗೇಪಲ್ಲಿಯ ಬಿಸಿಲು ಜಾಸ್ತಿ ಎಂದು ಹವೆಯ ಮೇಲೆ ಹೊರೆ ಹೊರಿಸುವವರೂ ಸಿಗುತ್ತಾರೆ. ಬಿಲ್ಲಿನ ಬಾಯಿಯಲ್ಲಿ ಅಳೆದ ವೇಗಕ್ಕೆ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಬಿಸಿಲು ಹೆದೆಗೆ ಮಾಡುವ ಕೇಡು ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಬಿಲ್ಲಿಗಿಂತ ಮೊದಲು ಬಾಣ

ಪಾಯಿಂಟ್ (ಬಾಣದ ಮೊನೆ) ಬದಲಾಗಿರುತ್ತದೆ, ಒಳಗಿನ ಇನ್ಸರ್ಟ್ ಹಿತ್ತಾಳೆಯದಾಗಿರುತ್ತದೆ, ವೇನ್ (ಬಾಲದ ರೆಕ್ಕೆ) ದಪ್ಪದ್ದಾಗಿರುತ್ತದೆ, ಚೆಂದಕ್ಕೆ ಅಂತ ಬಣ್ಣದ ರ‍್ಯಾಪ್ ಸುತ್ತಿರುತ್ತಾರೆ. ಹೊಡೆಯುವವರಿಗೆ ಮಾತ್ರ ಅದು ಅದೇ ಹಳೆಯ ಬಾಣ. ತೂಗದೆ ತಿಳಿಯುವುದಿಲ್ಲ. ಊರಿನ ಚಿನ್ನದಂಗಡಿಯಲ್ಲಿ ಪರಿಚಯವಿದ್ದರೆ ಅವರ ತಕ್ಕಡಿಯೇ ಸಾಕು. ಬಾಣ ತೂಗಿಕೊಡಿ ಅಂದಾಗ ಮುಖ ನೋಡುತ್ತಾರೆ, ನೋಡಲಿ. ಒಂದು ಗ್ರೇನ್ ಎಂದರೆ 0.0648 ಗ್ರಾಂ. 380 ಗ್ರೇನಿನ ಬಾಣ 24.62 ಗ್ರಾಂ ತೂಗಬೇಕು. 25.40 ಗ್ರಾಂ ಬಂದರೆ ಅದು 392 ಗ್ರೇನ್, ಅಂದರೆ 12 ಗ್ರೇನ್ ಹೆಚ್ಚು, ಅಂದರೆ 4 ಅಡಿ ಅಲ್ಲೇ ಹೋಯಿತು.

ತೂಗುವಾಗಲೇ ಕಾರ್ಬನ್ ಬಾಣವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ತಿರುಗಿಸಿ, ಮತ್ತೆ ಬಗ್ಗಿಸಿ ಕಿವಿಗೊಡಿ. ಚಿಟಚಿಟ ಎಂದರೆ ಮುರಿದು ಎಸೆಯಿರಿ. ವೇಗದ ಮಾತು ಹಾಗಿರಲಿ, ಒಡಕು ಬಾಣ ಬಿಲ್ಲಿನಲ್ಲೇ ಸಿಡಿದರೆ ಚೂರು ಹೊಕ್ಕುವುದು ಬಿಲ್ಲು ಹಿಡಿದ ಕೈಗೆ.

ಹೆದೆಯ ಮೇಲಿನ ಸಾಮಾನಿಗೆ ಹೆಚ್ಚು ಹೊತ್ತು ಬೇಡ. ಹೆದೆಯ ನಡುಭಾಗ ಬಾಣದಷ್ಟೇ ವೇಗದಲ್ಲಿ ಓಡುತ್ತದೆ, ಆದ್ದರಿಂದ ಅಲ್ಲಿ ಹೊರಿಸಿದ ಒಂದೊಂದು ಗ್ರೇನೂ ವೇಗ ತಿನ್ನುತ್ತದೆ. ಕ್ಯಾಮ್ (ಲಿಂಬ್ ತುದಿಯ ಗಾಲಿ) ಹತ್ತಿರ ಹೊರಿಸಿದ್ದು ಅಷ್ಟು ತಿನ್ನುವುದಿಲ್ಲ. ದೊಡ್ಡ ಪೀಪ್, ಅದಕ್ಕೆ ರಬ್ಬರ್ ಕೊಳವೆ, ಶಬ್ದ ತಗ್ಗಿಸಲೆಂದು ಕಟ್ಟಿದ ಕುಚ್ಚು, ಹಿತ್ತಾಳೆಯ ನಾಕ್ (ಬಾಣದ ಬಾಲದ ಕಚ್ಚು) ಉಂಗುರ, ಇವು ಯಾವಾಗ ಬಂದವು ಎಂದು ನೆನಪು ಮಾಡಿಕೊಳ್ಳಿ. ನಡುವಿನ ಸರ್ವಿಂಗ್ (ಹೆದೆಗೆ ಸುತ್ತಿದ ಕಾಪು ದಾರ) ಹೊಸದಾಗಿ ಸುತ್ತಿದ್ದರೆ ದಾರ ದಪ್ಪವಾಯಿತೇ ನೋಡಿ. ನಾಕ್ ಹೆದೆಗೆ ಕೂರುವಾಗ ಸಣ್ಣಗೆ ಟಕ್ ಎನ್ನಬೇಕು, ಕಚ್ಚಿಕೊಳ್ಳಬಾರದು.

ನಾಲ್ಕು ಅಳತೆ

ಬಾಣ ತೂಗಿಯಾಯಿತು, ಸಾಮಾನು ನೋಡಿಯಾಯಿತು. ಇನ್ನೂ ಲೆಕ್ಕ ಬಾಕಿಯಿದ್ದರೆ ಬಿಲ್ಲನ್ನು ಮೇಜಿನ ಮೇಲೆ ಮಲಗಿಸಿ.

ಕೆಳಗಿನ ಲಿಂಬಿನ ಮೇಲೆ ಬಹಳ ಕಂಪನಿಗಳು ಚೀಟಿ ಅಂಟಿಸಿರುತ್ತವೆ: ಆಕ್ಸಲ್‌ನಿಂದ (ಕ್ಯಾಮ್ ತಿರುಗುವ ಅಚ್ಚಿನಿಂದ) ಆಕ್ಸಲ್‌ಗೆ ಎಷ್ಟು, ಹೆದೆ ಎಷ್ಟುದ್ದ, ಕೇಬಲ್ ಎಷ್ಟುದ್ದ, ಭಾರ ಎಷ್ಟರಿಂದ ಎಷ್ಟು. ಹಳೆಯ ಬಿಲ್ಲಿನಲ್ಲಿ ಅದು ಉಜ್ಜಿ ಅಳಿಸಿಹೋಗಿದ್ದರೆ ಆ ಮಾದರಿಯ ಕೈಪಿಡಿಯನ್ನು ಕಂಪನಿಯ ಜಾಲತಾಣದಲ್ಲಿ ಹುಡುಕಿ. ಮೂಲ ಅಂಕಿ ಕೈಯಲ್ಲಿಲ್ಲದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಅಳೆಯಬೇಕಾದದ್ದು ಎಳೆತದ ಗರಿಷ್ಠ ಭಾರ, ಆಕ್ಸಲ್‌ಗಳ ನಡುವಿನ ಅಂತರ, ಬ್ರೇಸ್ ಹೈಟ್, ಡ್ರಾ ಲೆಂಗ್ತ್. ಆಕ್ಸಲ್ ಅಂತರಕ್ಕೆ ಎರಡೂ ಆಕ್ಸಲ್ಲಿನ ನಡುಬಿಂದುವಿನಿಂದ ಟೇಪು ಹಿಡಿಯಿರಿ. ಬ್ರೇಸ್ ಹೈಟ್ ಎಂದರೆ ಹಿಡಿಕೆಯ ಅತಿ ಆಳದ ಜಾಗದಿಂದ ಹೆದೆಗೆ ಇರುವ ಅಂತರ. ಭಾರಕ್ಕೆ ಬೋ ಸ್ಕೇಲ್ ಇಲ್ಲದಿದ್ದರೆ ಚಿಂತೆಯಿಲ್ಲ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲೂ ಸಿಗುವ 50 ಕಿಲೋದ ತೂಗುಹಾಕುವ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಸೊಗಸಾಗಿ ಒಗ್ಗುತ್ತದೆ. ತಕ್ಕಡಿಯನ್ನು ಗಟ್ಟಿ ತೊಲೆಗೆ ನೇತುಹಾಕಿ, ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ಬಿಲ್ಲಿನ ಹಿಡಿಕೆ ಹಿಡಿದು ಒಂದೇ ಸಮನೆ ಕೆಳಗೆ ಎಳೆಯಿರಿ. ಅಂಕಿ ಏರುತ್ತಾ ಹೋಗಿ ಒಂದು ಕಡೆ ತುದಿ ಮುಟ್ಟಿ ಇಳಿಯುತ್ತದೆ. ಆ ತುದಿಯೇ ಗರಿಷ್ಠ ಭಾರ. ಕಣ್ಣಿಗೆ ಸಿಗದಷ್ಟು ಬೇಗ ಬದಲಾದರೆ ಫೋನಿನಲ್ಲಿ ವಿಡಿಯೊ ಮಾಡಿ ನಿಧಾನವಾಗಿ ನೋಡಿ. 55 ಪೌಂಡ್ ಅಂದರೆ 24.9 ಕಿಲೋ, 51 ಪೌಂಡ್ ಅಂದರೆ 23.1 ಕಿಲೋ. ಎಳೆದದ್ದನ್ನು ಹಾಗೆಯೇ ನಿಧಾನವಾಗಿ ಇಳಿಸಿ, ಕೊಕ್ಕೆ ಜಾರಲು ಬಿಡಬೇಡಿ. ಬಾಣವಿಲ್ಲದೆ ಹೆದೆ ಕೈಬಿಟ್ಟರೆ ಅಷ್ಟೂ ಶಕ್ತಿ ಬಿಲ್ಲಿನ ಮೈಗೇ ಬಡಿಯುತ್ತದೆ, ಲಿಂಬ್ ಸೀಳಿ ಹೋಗಲು ಒಂದೇ ಸಲ ಸಾಕು.

ಹಿಗ್ಗಿದ್ದು ಹೆದೆಯೋ, ಕೇಬಲ್ಲೋ?

ಹಳೆಯ ಬಿಲ್ಲಿನ ವೇಗ ಸೋರುವ ಮುಖ್ಯ ತೂತು ಇದು. ಹಾಗಾಗಿ ಇಲ್ಲಿ ಸ್ವಲ್ಪ ಕೂತು ನೋಡಬೇಕು.

ಅಮೆರಿಕದ ಹೋಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ಗುಟ್ಟು ಇರುವುದು ತುದಿಯ ಗಾಲಿಗಳಲ್ಲಿ. ನೀವು ಎಳೆಯುವುದು ಹೆದೆಯನ್ನು, ಆದರೆ ಲಿಂಬನ್ನು ಬಗ್ಗಿಸುವುದು ಕೇಬಲ್. ಹೆದೆ ಬಿಚ್ಚಿಕೊಂಡಷ್ಟೂ ಕ್ಯಾಮ್ ತಿರುಗಿ ಕೇಬಲನ್ನು ಸುತ್ತಿಕೊಳ್ಳುತ್ತದೆ. ಆದ್ದರಿಂದ ಹೆದೆ ಹಿಗ್ಗುವುದು ಒಂದು ರೋಗ, ಕೇಬಲ್ ಹಿಗ್ಗುವುದು ಇನ್ನೊಂದು. ಎರಡನ್ನೂ ಸೇರಿಸಿ ‘ಸ್ಟ್ರಿಂಗ್ ಹೋಗಿದೆ’ ಅಂದುಬಿಟ್ಟರೆ ಚಿಕಿತ್ಸೆ ತಪ್ಪುತ್ತದೆ.

ಕೇಬಲ್ ಹಿಗ್ಗಿದಾಗ ಲಿಂಬುಗಳು ಅಷ್ಟರಮಟ್ಟಿಗೆ ಸಡಿಲಗೊಂಡು ನೆಟ್ಟಗಾಗುತ್ತವೆ. ಆಕ್ಸಲ್ ಅಂತರ ಹೆಚ್ಚುತ್ತದೆ, ಗರಿಷ್ಠ ಭಾರ ಇಳಿಯುತ್ತದೆ, ಕ್ಯಾಮ್ ವಿಶ್ರಾಂತಿಯಲ್ಲಿದ್ದಾಗಲೇ ಎಳೆತದ ದಿಕ್ಕಿಗೆ ಚೂರು ಮುಂದೆ ತಿರುಗಿ ನಿಂತಿರುತ್ತದೆ. ಅಂದರೆ ಬಾಣವನ್ನು ತಳ್ಳುವ ಹಾದಿಯೂ ಅಷ್ಟು ಗಿಡ್ಡವಾಯಿತು, ತಳ್ಳುವ ಬಲವೂ ಕುಗ್ಗಿತು. ವೇಗಕ್ಕೆ ಎರಡು ಕಡೆಯಿಂದ ಪೆಟ್ಟು.

ಹೆದೆ ಮಾತ್ರ ಹಿಗ್ಗಿದರೆ ಚಿತ್ರ ತಿರುಗುಮುರುಗು. ಕ್ಯಾಮ್ ಹಿಂದಕ್ಕೆ ತಿರುಗಿ ಹೆಚ್ಚಾದ ಹೆದೆಯನ್ನು ಸುತ್ತಿಕೊಳ್ಳುತ್ತದೆ. ಡ್ರಾ ಲೆಂಗ್ತ್ ಉದ್ದವಾಗುತ್ತದೆ, ಬ್ರೇಸ್ ಹೈಟ್ ಚೂರು ತಗ್ಗುತ್ತದೆ, ಭಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇಂಥ ಬಿಲ್ಲು ವೇಗ ಕಳೆದುಕೊಳ್ಳುವ ಬದಲು ಒಂದೆರಡು ಅಡಿ ಹೆಚ್ಚೇ ಕೊಟ್ಟರೂ ಆಶ್ಚರ್ಯವಿಲ್ಲ. ಆದರೆ ಪೀಪ್ ತಿರುಗಿಹೋಗುತ್ತದೆ, ಆ್ಯಂಕರ್ (ಎಳೆದ ಕೈ ಮುಖಕ್ಕೆ ತಾಗಿ ನಿಲ್ಲುವ ಜಾಗ) ಕೆಡುತ್ತದೆ, ಬಿಲ್ಲುಗಾರ ಕೈ ಚಾಚಿ ಹೊಡೆಯಲು ಶುರುಮಾಡುತ್ತಾನೆ.

ಹಾಗಾಗಿ ಕ್ಯಾಮ್ ಯಾವ ದಿಕ್ಕಿಗೆ ಜಾರಿದೆ ಎಂಬುದೇ ರೋಗದ ಗುರುತು. ಬಹಳ ಕ್ಯಾಮ್‌ಗಳ ಮೇಲೆ ಗೆರೆಯೋ ಸಣ್ಣ ರಂಧ್ರವೋ ಇರುತ್ತದೆ. ವಿಶ್ರಾಂತಿಯಲ್ಲಿ ಅದು ಕೇಬಲ್ಲಿಗೆ ಅಥವಾ ಲಿಂಬಿಗೆ ಹೇಗೆ ಹೊಂದಿರಬೇಕು ಎಂಬುದು ಕೈಪಿಡಿಯಲ್ಲಿ ಸಿಗುತ್ತದೆ. ಜೋಡಿ ಕ್ಯಾಮ್ ಬಿಲ್ಲಾದರೆ ಮೇಲಿನದೂ ಕೆಳಗಿನದೂ ಒಂದೇ ಕ್ಷಣಕ್ಕೆ ತಮ್ಮ ತಡೆಗೆ ತಾಗಬೇಕು. ಒಂದು ಮೊದಲು ತಾಗಿ ಇನ್ನೊಂದು ತಡವಾಗಿ ತಾಗಿದರೆ ಟೈಮಿಂಗ್ ತಪ್ಪಿದೆ, ಒಂದು ಬದಿಯ ಕೇಬಲ್ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗಿದೆ. ಇದನ್ನು ನೋಡಲು ನೀವು ಎಳೆದು ಹಿಡಿದಾಗ ಪಕ್ಕದಲ್ಲಿ ಇನ್ನೊಬ್ಬರು ಬೇಕು, ಇಲ್ಲವೇ ಡ್ರಾ ಬೋರ್ಡ್ ಬೇಕು. ಗಟ್ಟಿ ಹಲಗೆ, ಹಿಡಿಕೆಗೆ ಆನಿಕೆ, ಇನ್ನೊಂದು ತುದಿಗೆ ಕೈಯಲ್ಲಿ ತಿರುಗಿಸುವ ವಿಂಚ್. ಒಳ್ಳೆಯ ಬಡಗಿ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ. ಒಂಟಿ ಕ್ಯಾಮ್ ಬಿಲ್ಲಿಗೆ ಈ ಸಮತಾಳದ ಪರೀಕ್ಷೆ ಅನ್ವಯಿಸುವುದಿಲ್ಲ. ಅದಕ್ಕೆ ಕ್ಯಾಮ್ ಮೇಲಿನ ಗುರುತೇ ಗತಿ.

ಇಷ್ಟೊಂದು ಏಕೆ ಹಿಗ್ಗುತ್ತದೆ? ಇಂದಿನ ಹೆದೆಗಳಲ್ಲಿ ಡೈನೀಮಾ ಎಂಬ ನೂಲು ಇರುತ್ತದೆ, ಬಹಳಷ್ಟರಲ್ಲಿ ಅದರ ಜೊತೆ ವೆಕ್ಟ್ರಾನ್ ಬೆರೆಸಿರುತ್ತಾರೆ. ಡೈನೀಮಾ ಗಟ್ಟಿ, ಹಗುರ, ಆದರೆ ಸದಾ ಬಿಗಿತದಲ್ಲಿದ್ದಾಗ ನಿಧಾನವಾಗಿ ಉದ್ದವಾಗುವ ಗುಣ ಅದಕ್ಕಿದೆ, ಶಾಖದಲ್ಲಿ ಇನ್ನೂ ಬೇಗ. ಹಾಗೆ ಉದ್ದವಾದದ್ದು ಮತ್ತೆ ಗಿಡ್ಡವಾಗುವುದಿಲ್ಲ. ವೆಕ್ಟ್ರಾನ್ ಅಷ್ಟು ಹಿಗ್ಗುವುದಿಲ್ಲ, ಉಜ್ಜಾಟಕ್ಕೆ ಮಾತ್ರ ಸವೆಯುತ್ತದೆ. ಕಾಂಪೌಂಡ್ ಬಿಲ್ಲಿನ ಹೆದೆಯನ್ನು ರಿಕರ್ವ್ ಬಿಲ್ಲಿನದರಂತೆ ಇಳಿಸಿಡುವ ಪದ್ಧತಿಯಿಲ್ಲ, ಹಗಲಿರುಳೂ ಬಿಗಿತದಲ್ಲೇ ಇರುತ್ತದೆ. ಇನ್ನು ಏಪ್ರಿಲ್ ತಿಂಗಳಲ್ಲಿ ಗೌರಿಬಿದನೂರಿನ ರಸ್ತೆಬದಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಹಿಂಬದಿಯಲ್ಲಿ ಬಿಲ್ಲು ಬಿಟ್ಟು ಊಟಕ್ಕೆ ಹೋದರೆ? ಗಾಜು ಮುಚ್ಚಿದ ಕಾರಿನೊಳಗಿನ ಶಾಖ ಹೊರಗಿನದಕ್ಕಿಂತ ಎಷ್ಟೋ ಹೆಚ್ಚು. ಹೆದೆಯ ಆಯಸ್ಸು ಅಲ್ಲೇ ಕರಗುತ್ತದೆ.

ತಿದ್ದುವುದು ಹುರಿಯಿಂದ. ಶಿಡ್ಲಘಟ್ಟದಲ್ಲಿ ರೇಷ್ಮೆ ಹುರಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹುರಿ ಏರಿಸಿದರೆ ನೂಲು ಗಿಡ್ಡ, ಇಳಿಸಿದರೆ ಉದ್ದ, ಅತಿಯಾಗಿ ಏರಿಸಿದರೆ ಸುರುಳಿಗಟ್ಟುತ್ತದೆ. ಕೇಬಲ್ಲೂ ಹಾಗೆಯೇ. ಹಿಗ್ಗಿದ ಕೇಬಲ್ಲಿಗೆ ಒಂದೆರಡು ಸುತ್ತು ಹುರಿ ಸೇರಿಸಿ ಆಕ್ಸಲ್ ಅಂತರವನ್ನು ಮೂಲ ಅಳತೆಗೆ ತಂದರೆ ಭಾರ ತಾನಾಗಿ ಹಿಂತಿರುಗುತ್ತದೆ. ಕೇಬಲ್ಲಿನ ತುದಿ ಎರಡು ಕವಲಿನದಾಗಿದ್ದರೆ ಎರಡೂ ಕವಲಿಗೆ ಸಮ ಹುರಿ, ಇಲ್ಲದಿದ್ದರೆ ಕ್ಯಾಮ್ ವಾಲುತ್ತದೆ. ಆದರೆ ಇದಕ್ಕೆಲ್ಲ ಬೋ ಪ್ರೆಸ್ (ಲಿಂಬ್ ಅದುಮಿ ಹಿಡಿಯುವ ಯಂತ್ರ) ಕಡ್ಡಾಯ. ಕಾಲಲ್ಲಿ ಅದುಮಿ, ಹಗ್ಗ ಕಟ್ಟಿ, ಟ್ರಾಕ್ಟರ್ ಜಾಕ್ ಇಟ್ಟು ಲಿಂಬ್ ಬಗ್ಗಿಸುವ ಸಾಹಸ ಬೇಡ. ಬೆಂಗಳೂರು ಇಲ್ಲಿಂದ 60 ಕಿಲೋಮೀಟರ್, ಬಸ್ ಹತ್ತಿ.

ಹೆದೆಯಲ್ಲಿ ಎಳೆ ಕಡಿದಿದ್ದರೆ, ಮೈಯೆಲ್ಲ ಜುಂಗಾಗಿದ್ದರೆ, ಸರ್ವಿಂಗ್ ಬಿಟ್ಟುಕೊಂಡು ಒಳನೂಲು ಕಾಣುತ್ತಿದ್ದರೆ ಹುರಿಯ ಮಾತೇ ಇಲ್ಲ. ಹೆದೆ, ಕೇಬಲ್ ಎಲ್ಲ ಒಟ್ಟಿಗೆ ಬದಲಾಯಿಸಿ. ಎರಡು ಮೂರು ವರ್ಷಕ್ಕೊಮ್ಮೆ ಹೇಗೂ ಮಾಡಬೇಕಾದ ಖರ್ಚು. ಹಳೆಯ ಕೇಬಲ್ ಉಳಿಸಿಕೊಂಡು ಹೆದೆ ಮಾತ್ರ ಹೊಸದು ಹಾಕುವ ಜಿಪುಣತನದಲ್ಲಿ ಉಳಿತಾಯ ಕಡಿಮೆ, ಪರದಾಟ ಜಾಸ್ತಿ. ಮೇಣ ಹಚ್ಚುವವರು ಹೆದೆಯ ಮೇಣವನ್ನೇ ಹಚ್ಚಿ. ಕೊಬ್ಬರಿ ಎಣ್ಣೆ ತಲೆಗಿರಲಿ.

ಬೋಲ್ಟ್ ಬಿಗಿದು ಮುಚ್ಚಿಹಾಕುವುದು

ಭಾರ ಇಳಿದಿದೆ ಎಂದು ಗೊತ್ತಾದ ತಕ್ಷಣ ಅಲೆನ್ ಕೀಗೆ ಕೈ ಹೋಗುತ್ತದೆ. ಲಿಂಬ್ ಬೋಲ್ಟ್ ಒಂದು ಸುತ್ತು ಒಳಗೆ ಹೋದರೆ 2ರಿಂದ 4 ಪೌಂಡ್ ಏರುತ್ತದೆ, ತಕ್ಕಡಿಯಲ್ಲಿ ಅಂಕಿ ಸರಿಹೋಗುತ್ತದೆ, ಎಲ್ಲರಿಗೂ ಸಮಾಧಾನ. ಕೇಬಲ್ ಹಿಗ್ಗಿದ್ದು ಮಾತ್ರ ಹಾಗೇ ಇದೆ, ಕ್ಯಾಮ್ ಮುಂದೆ ತಿರುಗಿದ್ದು ಹಾಗೇ ಇದೆ, ಟೈಮಿಂಗ್ ತಪ್ಪಿದ್ದೂ ಹಾಗೇ ಇದೆ. ಭಾರ ಹಳೆಯದೇ, ವೇಗ ಮಾತ್ರ ಪೂರ್ತಿ ಬರಲಿಲ್ಲ ಎಂಬ ಒಗಟು ಹುಟ್ಟುವುದು ಹೀಗೆ.

ಬೋಲ್ಟ್ ನಿಜವಾಗಿ ಸಡಿಲವಾಗಿ ಹಿಂದೆ ಬಂದಿದ್ದರೆ ಮಾತು ಬೇರೆ. ಅದನ್ನು ತಿಳಿಯಲು ಎರಡೂ ಬೋಲ್ಟನ್ನು ಪೂರ್ತಿ ಒಳಗೆ ಮುಟ್ಟಿಸಿ, ಎಷ್ಟು ಸುತ್ತು ಹೋಯಿತು ಎಂದು ಎಣಿಸಿ. ಮೇಲೆ ಕೆಳಗೆ ಎಣಿಕೆ ಬೇರೆ ಬಂದರೆ ಯಾವುದೋ ಒಂದು ಜಾರಿದೆ. ಎರಡನ್ನೂ ಸಮನಾಗಿ ಹಿಂದೆ ತಂದು ಬೇಕಾದ ಭಾರಕ್ಕೆ ನಿಲ್ಲಿಸಿ, ಲಾಕ್ ಸ್ಕ್ರೂ ಇದ್ದರೆ ಬಿಗಿಯಿರಿ. ಕಂಪನಿ ಹೇಳಿದ ಮಿತಿಗಿಂತ ಹೊರಗೆ ಬೋಲ್ಟ್ ಬಿಚ್ಚಿದರೆ ಲಿಂಬ್ ಕಿತ್ತು ಹಾರಬಹುದು.

ಉಜ್ಜಾಟದಲ್ಲಿ ಹೋದದ್ದು

ಭಾರ ಸರಿ, ಅಳತೆ ಸರಿ, ಬಾಣ ಸರಿ, ಆದರೂ ಐದಾರು ಅಡಿ ಸಾಲದು ಎಂದರೆ ಆಕ್ಸಲ್ ಮತ್ತು ಕೇಬಲ್ ಗಾರ್ಡ್ (ಕೇಬಲನ್ನು ಬಾಣದ ಹಾದಿಯಿಂದ ಪಕ್ಕಕ್ಕೆ ಹಿಡಿಯುವ ಕಡ್ಡಿ) ಕಡೆ ನೋಡಿ. ಕಲ್ಲು ಕ್ವಾರಿಗಳ ಜಿಲ್ಲೆ ನಮ್ಮದು, ಟಿಪ್ಪರ್ ಓಡಾಡುವ ರಸ್ತೆಯ ಪಕ್ಕದ ಮೈದಾನದಲ್ಲಿ ಕಲ್ಲುಪುಡಿ ಎಲ್ಲದಕ್ಕೂ ಅಂಟುತ್ತದೆ. ಬುಶಿಂಗ್ ಒಳಗೆ ಸೇರಿದರೆ ಅರೆಯುತ್ತದೆ.

ಇದಕ್ಕೊಂದು ಒಳ್ಳೆಯ ಪರೀಕ್ಷೆಯಿದೆ. ಡ್ರಾ ಬೋರ್ಡಿನಲ್ಲಿ ತಕ್ಕಡಿ ಸಿಕ್ಕಿಸಿ ಒಂದೊಂದು ಇಂಚಿಗೂ ಭಾರ ಬರೆದುಕೊಳ್ಳಿ, ಎಳೆಯುವಾಗ ಒಮ್ಮೆ, ಇಳಿಸುವಾಗ ಒಮ್ಮೆ. ಒಂದೇ ಜಾಗದಲ್ಲಿ ಇಳಿಸುವಾಗಿನ ಅಂಕಿ ಯಾವಾಗಲೂ ಕಡಿಮೆ ಇರುತ್ತದೆ. ಆ ಕಡಿಮೆಯಾದದ್ದೇ ಉಜ್ಜಾಟಕ್ಕೆ ಹೋದ ಪಾಲು, ಬಾಣಕ್ಕೆ ಸಿಗದ ಪಾಲು. ಆಕ್ಸಲ್ ಒರೆಸಿ, ಒಣ ಲೂಬ್ರಿಕೆಂಟ್ ಹಾಕಿ ಮತ್ತೆ ಅಳೆಯಿರಿ. ಅಂತರ ಕಿರಿದಾದರೆ ರೋಗ ಸಿಕ್ಕಿತು. ಎಂಜಿನ್ ಆಯಿಲ್ ಬೇಡ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕೇಬಲ್ ಗಾರ್ಡಿನ ರೋಲರ್ ತಿರುಗುತ್ತಿದೆಯೇ, ಪ್ಲಾಸ್ಟಿಕ್ ಸ್ಲೈಡ್ ಸವೆದು ಕಚ್ಚುತ್ತಿದೆಯೇ ಅದನ್ನೂ ನೋಡಿ.

ಇದೇ ಪಟ್ಟಿಯನ್ನು ಗ್ರಾಫ್ ಹಾಳೆಗೆ ಏರಿಸಿದರೆ ಎಳೆತದ ಗೆರೆಯ ಕೆಳಗಿನ ಜಾಗವೇ ಬಿಲ್ಲು ತುಂಬಿಕೊಂಡ ಶಕ್ತಿ. ಗರಿಷ್ಠ ಭಾರ ಒಂದೇ ಇದ್ದರೂ ಹಿಂದಿನ ಮಾಲೀಕ ಬೇರೆ ಮಾಡ್ಯೂಲ್ (ಡ್ರಾ ಲೆಂಗ್ತ್ ಬದಲಿಸಲು ಕ್ಯಾಮಿಗೆ ಕೂರಿಸುವ ತುಂಡು) ಹಾಕಿದ್ದರೆ ಆ ಜಾಗ ಕುಗ್ಗಿರುತ್ತದೆ. ಕೊಂಡ ಬಿಲ್ಲಿನಲ್ಲಿ ಇದನ್ನು ಮರೆಯದೆ ನೋಡಿ.

ಬಾಣ ಹೋಗುವಾಗ ರೆಸ್ಟಿಗೆ (ಬಾಣ ಕೂರುವ ಆಸರೆಗೆ) ವೇನ್ ಉಜ್ಜಿದರೂ ವೇಗ ಚೂರು ಹೋಗುತ್ತದೆ. ವೇನಿನ ಮೇಲೆ ಲಿಪ್‌ಸ್ಟಿಕ್ ಸವರಿ ಹೊಡೆಯಿರಿ, ರೆಸ್ಟ್ ಮೇಲೆ ಬಣ್ಣ ಮೂಡಿದರೆ ತಾಗುತ್ತಿದೆ ಎಂದರ್ಥ.

ಬಿಲ್ಲು ಹಿಡಿದವರ ಪಾಲೂ ಇದೆ. ರಿಲೀಸ್ (ಹೆದೆ ಹಿಡಿದು ಬಿಡುವ ಸಾಧನ) ಬದಲಾಗಿರಬಹುದು, ಡಿ-ಲೂಪ್ ಉದ್ದವಾಗಿರಬಹುದು, ದಣಿದಾಗ ಗೋಡೆಯಿಂದ (ಎಳೆತ ಕೊನೆಗೆ ನಿಲ್ಲುವ ತಡೆಯಿಂದ) ಅರ್ಧ ಇಂಚು ಮುಂದೆ ಜಾರಿ ಬಿಡುತ್ತಿರಬಹುದು. ಕ್ರೋನೋಗ್ರಾಫಿನ ಓದು ಬಾಣದಿಂದ ಬಾಣಕ್ಕೆ ಏರಿಳಿದರೆ ಮೊದಲು ಇದನ್ನು ಅನುಮಾನಿಸಿ. ಬಿಲ್ಲಿನ ದೋಷವಾದರೆ ಓದು ಕಡಿಮೆಯಿದ್ದರೂ ಸ್ಥಿರವಾಗಿರುತ್ತದೆ.

ಲೆಕ್ಕ ಹೊಂದುವುದು ಹೀಗೆ

ಶಿಡ್ಲಘಟ್ಟ ಕಡೆಯ ಹುಡುಗನೊಬ್ಬ ಬಿಲ್ಲು ತಂದಿದ್ದ. ಬಾಗಿಲಲ್ಲೇ ಶುರು: “ಅಣ್ಣ, ಲಿಂಬ್ ಸತ್ತೋಗಿದೆ ಅಂತಾವ್ರೆ ಎಲ್ರೂ. ಹೊಸಾದು ಹಾಕ್ಸ್‌ಬಿಡ್ಲಾ?”

“ತಡಿಯಪ್ಪ. ಮೊದ್ಲು ಬಾಣ ತೂಗ್ಕೊಂಡ್ ಬಾ.”

ಮೇಲೆ ಹೇಳಿದ ಉದಾಹರಣೆಯ ಹಾಗೆಯೇ ಇತ್ತು ಅವನ ಬಿಲ್ಲು, 259 ಇದ್ದದ್ದು 244. ಬಾಣ 392 ಗ್ರೇನ್ ತೂಗಿತು, 12 ಗ್ರೇನಿಗೆ 4 ಅಡಿ. ಭಾರ 55ರ ಬದಲು 51, ನಾಲ್ಕು ಪೌಂಡಿಗೆ 8 ಅಡಿ. ಹೆದೆಗೆ ಹೊಸದಾಗಿ ಕಟ್ಟಿದ ಕುಚ್ಚು ಬಿಚ್ಚಿ ಹೊಡೆದಾಗ 3 ಅಡಿ ಮರಳಿತು. ಒಟ್ಟು 15. ಆಕ್ಸಲ್ ಅಂತರ ಕಾಲು ಇಂಚಿನಷ್ಟು ಹೆಚ್ಚಿತ್ತು, ಎರಡೂ ಕ್ಯಾಮ್ ಎಳೆತದ ದಿಕ್ಕಿಗೆ ಜಾರಿದ್ದವು. ಕೇಬಲ್ ಹಿಗ್ಗಿದೆ ಎಂದು ಬೇರೆ ಸಾಕ್ಷಿ ಬೇಕಿರಲಿಲ್ಲ. ಲಿಂಬಿಗೆ ಹೊರಿಸಲು ಒಂದು ಅಡಿಯೂ ಉಳಿಯಲಿಲ್ಲ.

ಲಿಂಬ್ ಸರದಿ

ಬೋಲ್ಟ್ ಪೂರ್ತಿ ಒಳಗಿದೆ, ಹೊಸ ಕೇಬಲ್ ಮೂಲ ಅಳತೆಯದು, ಆಕ್ಸಲ್ ಅಂತರ, ಕ್ಯಾಮ್ ಗುರುತು ಎಲ್ಲ ಸರಿಯಾಗಿದೆ, ಆದರೂ ಗರಿಷ್ಠ ಭಾರ ಚೀಟಿಯಲ್ಲಿದ್ದಷ್ಟು ಬರುತ್ತಿಲ್ಲ. ಈ ಹಂತಕ್ಕೆ ಬಂದ ಮೇಲೆ ಲಿಂಬನ್ನು ಅನುಮಾನಿಸಿ. ಗಾಜಿನ ನಾರಿನ ಒಳ್ಳೆಯ ಲಿಂಬ್ ಸುಮ್ಮನೆ ವಯಸ್ಸಾಯಿತೆಂದು ಹತ್ತು ಪೌಂಡ್ ಬಿಟ್ಟುಕೊಡುವುದಿಲ್ಲ. ಅಷ್ಟು ಇಳಿದಿದ್ದರೆ ಒಳಗೆ ಏನೋ ಬಿಟ್ಟಿದೆ.

ಹತ್ತಿಯುಂಡೆಯನ್ನು ಲಿಂಬಿನ ಅಂಚುಗಳ ಉದ್ದಕ್ಕೂ, ಮೇಲೆ ಕೆಳಗೆ ಸವರಿ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಸೀಳಿದೆ. ಬೆರಳಲ್ಲಿ ನೋಡಬೇಡಿ, ಗಾಜಿನ ಮುಳ್ಳು ಹೊಕ್ಕರೆ ತೆಗೆಯುವುದು ಯಮಯಾತನೆ. ಆಕ್ಸಲ್ ತೂತಿನ ಸುತ್ತ, ಲಿಂಬ್ ಪಾಕೆಟ್ಟಿನ (ಲಿಂಬ್ ಬುಡ ಕೂರುವ ಗೂಡಿನ) ಬಾಯಲ್ಲಿ, ಕವಲು ಶುರುವಾಗುವ ಜಾಗದಲ್ಲಿ ಟಾರ್ಚ್ ಹಾಕಿ ನೋಡಿ. ಬೆಳ್ಳಗೆ ಗೆರೆಯೋ ಉಬ್ಬೋ ಕಂಡರೆ ಮತ್ತೆ ಎಳೆಯಬೇಡಿ, ಭಾರ ಪರೀಕ್ಷೆಗೂ ಎಳೆಯಬೇಡಿ. ಮೇಲಿನ ಮತ್ತು ಕೆಳಗಿನ ಲಿಂಬ್ ಪಾಕೆಟ್‌ನಿಂದ ಹೆದೆಗಿರುವ ಅಂತರವನ್ನೂ ಹೋಲಿಸಿ. ಬೋಲ್ಟ್ ಸಮವಿದ್ದೂ ಈ ಎರಡು ಬಹಳ ಬೇರೆಯಾದರೆ ಒಂದು ಬದಿ ಸೋತಿದೆ.

ಲಿಂಬ್ ಬದಲಾಯಿಸುವುದಾದರೆ ಒಂದನ್ನೇ ಬದಲಾಯಿಸಬೇಡಿ, ಹೊಂದುವ ಜೋಡಿಯನ್ನೇ ಹಾಕಿ. ನಿಂತುಹೋದ ಮಾದರಿಗೆ ಅಂಥ ಜೋಡಿ ಸಿಗುವುದು ಕಷ್ಟ. ಸಿಕ್ಕರೂ ಬೆಲೆ, ಸುಂಕ, ಸಾಗಣೆ ಕೂಡಿಸಿ ನೋಡಿ. ಬಿಲ್ಲು ಕೊಂಡ ಬೆಲೆಯ ಅರ್ಧ ದಾಟಿದರೆ ನಾನಾದರೆ ಆ ದುಡ್ಡನ್ನು ಇನ್ನೊಂದು ಬಿಲ್ಲಿಗೆ ಎತ್ತಿಡುತ್ತೇನೆ. ಸೀಳಿದ ಲಿಂಬಿಗೆ ಅಂಟು ಹಾಕಿ ‘ಕಲಿಯುವವರಿಗೆ ಆಗುತ್ತೆ’ ಎಂದು ಮಾರುವವರ ಹತ್ತಿರ ಸುಳಿಯಬೇಡಿ.

ಹೊಸ ಹೆದೆ, ಕೇಬಲ್ ಹಾಕಿಸಿದವರು ಅಂದೇ ವೇಗ ಅಳೆದು ಅದೇ ಕಾಯಂ ಎಂದುಕೊಳ್ಳಬೇಡಿ. ನೂರು ಇನ್ನೂರು ಬಾಣ ಹೊಡೆಯುವಷ್ಟರಲ್ಲಿ ನೂಲು ಕೂತುಕೊಳ್ಳುತ್ತದೆ. ಆಮೇಲೆ ಆಕ್ಸಲ್ ಅಂತರ, ಟೈಮಿಂಗ್, ಪೀಪ್ ಮತ್ತೊಮ್ಮೆ ನೋಡಿಸಿ. ಎಲ್ಲ ಸರಿಬಂದಾಗ ಕ್ಯಾಮ್ ಲಿಂಬನ್ನು ದಾಟುವ ಜಾಗದಲ್ಲಿ ಬಿಳಿ ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಡಿ, ನಾಲ್ಕೂ ಅಳತೆಯನ್ನೂ ಬಾಣದ ತೂಕವನ್ನೂ ಚೀಟಿಯಲ್ಲಿ ಬರೆದು ಬಿಲ್ಲಿನ ಪೆಟ್ಟಿಗೆಯೊಳಗೆ ಅಂಟಿಸಿ. ಸೈಟ್ ಗುರುತುಗಳನ್ನು 20 ಮೀಟರಿನಿಂದ ಹೊಸದಾಗಿ ಹಿಡಿಯುತ್ತಾ ಬನ್ನಿ. ವೇಗ ಮರಳಿದ ಬಿಲ್ಲಿನಲ್ಲಿ, ವೇಗ ಕುಸಿದಾಗ ಹಿಡಿದ 50ರ ಗುರುತಿಟ್ಟು ಹೊಡೆದರೆ ಬಾಣ ನಡುವಿನಿಂದ ಕಾಲು ಮೀಟರಿನಷ್ಟು ಮೇಲೆ ಹೋಗಿ ನಾಟುತ್ತದೆ.